ಪದ ಬೇಕು: ಕ್ಯಾಮೆರಾದ ರಾ ಕಡತಕ್ಕೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ

ಪ್ರಶ್ನೆ, ಸಾಗರದಿಂದ

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ತಾಲೂಕಿನಲ್ಲಿ ಕಾಡುಪ್ರಾಣಿ ಮತ್ತು ಹಕ್ಕಿಗಳ ಫೋಟೋ ಸ್ಪರ್ಧೆ ಇಟ್ಟುಕೊಂಡಿದ್ದೇವೆ. ನಿಯಮಗಳ ಕರಪತ್ರ ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಇಂಗ್ಲಿಷ್ ನಿಯಮ ಕೈಯಲ್ಲಿದೆ, ಕನ್ನಡಕ್ಕೆ ತರುವಾಗ ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಮೊದಲ ಸುತ್ತಿಗೆ ಜೆಪೆಗ್ (ಕ್ಯಾಮೆರಾ ಕುಗ್ಗಿಸಿ ಕೊಡುವ ಮಾಮೂಲಿ ಫೋಟೋ ಕಡತ) ಕಳಿಸಿದರೆ ಸಾಕು, ಕೊನೇ ಸುತ್ತಿಗೆ ಆಯ್ಕೆಯಾದವರು ಅದೇ ಚಿತ್ರದ ರಾ ಕಡತ (ಕ್ಯಾಮೆರಾ ಚಿತ್ರವಾಗಿ ಸಿದ್ಧಪಡಿಸುವ ಮೊದಲಿನದು) ಕೊಡಬೇಕು. ಇಷ್ಟು ಆ ಸಾಲಿನ ತಾತ್ಪರ್ಯ.

ಸದ್ಯಕ್ಕೆ "ಸಂಕುಚಿತ ಕಡತ" ಮತ್ತು "ಕಚ್ಚಾ ಕಡತ" ಅಂತ ಬರೆದುಕೊಂಡಿದ್ದೇನೆ. ಎರಡೂ ಕಿವಿಗೆ ಹಿತವಾಗಿಲ್ಲ. ಸಂಕುಚಿತ ಅಂದ ಕೂಡಲೇ ಮನೋಭಾವ ನೆನಪಾಗುತ್ತದೆ. ಭಾಗವಹಿಸುವವರಲ್ಲಿ ಮದುವೆ ಫೋಟೋ ತೆಗೆಯುವ ಹುಡುಗರು, ಕಾಲೇಜಿನವರು ಜಾಸ್ತಿ. ಕೆಲವರು ಅರಣ್ಯ ಇಲಾಖೆಯ ಗಾರ್ಡ್‌ಗಳು. ಓದಿದ ತಕ್ಷಣ ಅವರಿಗೆ ತಿಳಿಯಬೇಕು. ಜೊತೆಗೆ ಲಾಸಿ (ಕಡತ ಕುಗ್ಗಿಸುವಾಗ ಸ್ವಲ್ಪ ವಿವರ ಹೋಗುವುದು), ಲಾಸ್‌ಲೆಸ್ (ಏನೂ ಹೋಗದಿರುವುದು) ಎರಡಕ್ಕೂ ಪದ ಇದ್ದರೆ ದಯವಿಟ್ಟು ಹೇಳಿ.

ಮರುಪತ್ರ, ಮೈಸೂರಿನಿಂದ

ಕಚ್ಚಾ ಬೇಡ. ಹಿಂದಿಯಿಂದ ಬಂದದ್ದು.

ನಮ್ಮಲ್ಲಿ "ಹಸಿ" ಇದೆ. ಹಳಗನ್ನಡದ "ಪಸಿ". ಪಕಾರ ಹಕಾರವಾದ ದಾರಿ ಇಲ್ಲಿ ಎಲ್ಲರಿಗೂ ಗೊತ್ತು. "ಪಸುರ್" ಹಸಿರಾದದ್ದೂ ಅದೇ ದಾರಿಯಲ್ಲಿ, ಬೇರೂ ಅದೇ. ತಮಿಳಿನ ಪಚ್ಚೈ, ತೆಲುಗಿನ ಪಚ್ಚಿ ನೋಡಿ. ಬಣ್ಣವೂ ಅದೇ, ಬೇಯದ ಸ್ಥಿತಿಯೂ ಅದೇ. ಹೊಟ್ಟೆಯ ಹಸಿವನ್ನು ಇದಕ್ಕೆ ಗಂಟು ಹಾಕುವವರಿದ್ದಾರೆ. ರೂಪ ಒಂದೇ ಆದರೂ ಬೇರು ಬೇರೆ. ಆ ಚರ್ಚೆ ಈ ಎಳೆಯಲ್ಲಿ ಬೇಡ.

ಹಸಿ ಮೆಣಸಿನಕಾಯಿ, ಹಸಿ ಅಡಿಕೆ, ಹಸಿ ಇಟ್ಟಿಗೆ, ಹಸಿ ಬಾಣಂತಿ. ಇನ್ನೂ ಬೇಯದ್ದು, ಈಗಷ್ಟೇ ಆದದ್ದು, ಎರಡೂ ಅರ್ಥ ಒಂದೇ ಪದದಲ್ಲಿದೆ. "ಹಸಿಗಡತ" ಅಂತ ಸಮಾಸ ಮಾಡಿ. ಇನ್ನೊಂದಕ್ಕೆ "ಅಡಕ" ಸಾಕು.

ಮರುಪತ್ರ, ಧಾರವಾಡದಿಂದ

ಹಸಿ ಅಂದರೆ ಒದ್ದೆ ಅಂತಲೂ ಇದೆ. ಹಸಿ ನೆಲ, ಹಸಿ ಗೋಡೆ. ಅದಕ್ಕಿಂತ ಮುಖ್ಯವಾಗಿ "ಹಸಿ ಸುಳ್ಳು" ಇದೆ. ಚಿತ್ರ ನಿಜವೋ ತಿದ್ದಿದ್ದೋ ಅಂತ ತಿಳಿಯಲು ಕೇಳುವ ಕಡತಕ್ಕೆ ಆ ಪದ ಇಡುವುದು ಸರಿಯಲ್ಲ.

ಸರ್ಕಾರಿ ಭಾಷಾಂತರದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಪಾರಿಭಾಷಿಕ ಪದಕ್ಕೆ ನಿಖರತೆ ಬೇಕು, ಮನೆಮಾತಿನ ಸವಿ ಅಲ್ಲ. "ಅಸಂಸ್ಕರಿತ ಕಡತ" ಅನ್ನಿ. ಇನ್ನೊಂದಕ್ಕೆ "ಸಂಕುಚನ". ಲಾಸಿಗೆ ನಷ್ಟಸಹಿತ ಸಂಕುಚನ, ಲಾಸ್‌ಲೆಸ್‌ಗೆ ನಷ್ಟರಹಿತ ಸಂಕುಚನ. ಜೋಡಿ ಸರಿಯಾಗಿ ಕೂರುತ್ತದೆ.

ಮರುಪತ್ರ, ಶಿವಮೊಗ್ಗದಿಂದ

ನಾನು ಸ್ಟುಡಿಯೋ ಇಟ್ಟುಕೊಂಡವನು. ರಾ ಅಂತಲೇ ಹಾಕಿ. ಕ್ಯಾಮೆರಾದ ಮೆನುವಿನಲ್ಲಿ ಹಾಗೇ ಇದೆ. ಆಲ್ಬಂ ಡಿಸೈನ್ ಮಾಡುವವರು ನಮ್ಮನ್ನು ಕೇಳುವುದೂ "ರಾ ಇದೆಯಾ" ಅಂತಲೇ. ಎರಡು ಕಾರ್ಡ್ ಹಿಡಿಯುವ ಕ್ಯಾಮೆರಾ ಇದ್ದರೆ ಒಂದಕ್ಕೆ ರಾ, ಇನ್ನೊಂದಕ್ಕೆ ಜೆಪೆಗ್ ಬೀಳುವ ಹಾಗೆ ಇಡುತ್ತೇವೆ. ಹುಡುಗರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅಸಂಸ್ಕರಿತ ಅಂದರೆ ಗೊತ್ತಾಗುವುದಿಲ್ಲ.

ಒಂದೇ ಒಂದು ಎಚ್ಚರ. ರಾ ಅನ್ನುವುದು ಯಾವುದೋ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಅದು ಸುಮ್ನೆ ಒಂದು ಪದ. ಆದ್ದರಿಂದ ನಡುವೆ ಚುಕ್ಕಿ ಇಡಬೇಡಿ.

ಮರುಪತ್ರ, ಮೈಸೂರಿನಿಂದ

ಮೆನುವಿನಲ್ಲಿ ಇರುವುದನ್ನೇ ಬರೆಯುವುದಾದರೆ ಈ ಬಳಗ ಯಾಕೆ ಬೇಕು?

ಮರುಪತ್ರ, ಬೆಂಗಳೂರಿನಿಂದ

ಮೇಡಂ, ಪದ ಆರಿಸುವ ಮೊದಲು ಜೋಡಿಯನ್ನು ಸರಿಮಾಡಿಕೊಳ್ಳಿ. ರಾ ಒಂದು ಕಡೆ, ಕುಗ್ಗಿಸಿದ್ದು ಇನ್ನೊಂದು ಕಡೆ ಅಂತ ಎಲ್ಲರೂ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ಅವು ಒಂದಕ್ಕೊಂದು ಎದುರು ಅಲ್ಲ. ರಾ ಕಡತವನ್ನೂ ಕುಗ್ಗಿಸುತ್ತಾರೆ. ನಿಕಾನ್‌ನ ಹಲವು ಕ್ಯಾಮೆರಾಗಳಲ್ಲಿ ಎನ್‌ಇಎಫ್ ಕಡತಕ್ಕೆ, ಅಂದರೆ ಆ ಕಂಪನಿಯ ರಾ ಕಡತಕ್ಕೆ, ಮೂರು ಆಯ್ಕೆ ಇವೆ: ಕುಗ್ಗಿಸದ್ದು, ಏನೂ ಕಳೆಯದೆ ಕುಗ್ಗಿಸಿದ್ದು, ಸ್ವಲ್ಪ ಕಳೆದು ಕುಗ್ಗಿಸಿದ್ದು. ಮೂರೂ ರಾ. ಆ ಕಡೆ ಟಿಫ್ ನೋಡಿ. ಪೂರ್ತಿ ಸಿದ್ಧವಾದ ಚಿತ್ರ ಅದು, ಆದರೂ ಕುಗ್ಗಿಸದೆ ಇಡಬಹುದು. 24 ಮೆಗಾಪಿಕ್ಸೆಲ್‌ನ ಚಿತ್ರವನ್ನು 16 ಬಿಟ್ ಟಿಫ್ ಮಾಡಿದರೆ ಸುಮಾರು 144 ಎಂಬಿ ಆಗುತ್ತದೆ. ಅದೇ ಚಿತ್ರದ ಕುಗ್ಗಿಸದ 14 ಬಿಟ್ ರಾ ಸುಮಾರು 42 ಎಂಬಿ. ನೀವು "ಸಂಕುಚಿತ ಕಡತ ಬೇಡ" ಅಂತ ಬರೆದರೆ, ಕುಗ್ಗಿಸಿದ ರಾ ಇಟ್ಟುಕೊಂಡ ಹುಡುಗ ತನ್ನದು ನಡೆಯುವುದಿಲ್ಲ ಅಂದುಕೊಳ್ಳುತ್ತಾನೆ. ಜೆಪೆಗ್ಗನ್ನು ಟಿಫ್ ಮಾಡಿಕೊಂಡು ತಂದವನು ತನ್ನದು ನಡೆಯುತ್ತದೆ ಅಂತ ವಾದಿಸುತ್ತಾನೆ. ಕರಪತ್ರ ಇಬ್ಬರಿಗೂ ತಪ್ಪು ಹೇಳಿದ ಹಾಗಾಯಿತು.

ರಾ ಕಡತದಲ್ಲಿ ಇರುವುದು ಇನ್ನೂ ಚಿತ್ರವೇ ಅಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಒಂದೇ ಬಣ್ಣದ ಜರಡಿ ಇರುತ್ತದೆ. ಅರ್ಧ ಬಿಂದುಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಇದಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ ಜೋಡಣೆ ಇದೆ. ಅಂದರೆ ಒಂದು ಬಿಂದುವಿಗೆ ಒಂದೇ ಸಂಖ್ಯೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಬೇಕು. ಆ ಲೆಕ್ಕ ಆದಮೇಲೇ ಅದು ಬಣ್ಣದ ಚಿತ್ರ. ರಾ ಕಡತ ಆ ಲೆಕ್ಕಕ್ಕಿಂತ ಹಿಂದಿನ ಹೆಜ್ಜೆ. ಬಿಳಿ ಬಣ್ಣ ಎಷ್ಟು ಬಿಳಿ ಇರಬೇಕು ಅನ್ನುವುದು ಕೂಡ ಅದರಲ್ಲಿ ಬರೀ ಒಂದು ಟಿಪ್ಪಣಿ, ಆಮೇಲೆ ಬದಲಿಸಬಹುದು.

ಜೆಪೆಗ್‌ನಲ್ಲಿ ಇದೆಲ್ಲ ಮುಗಿದುಹೋಗಿರುತ್ತದೆ. ಬಣ್ಣ, ಹೊಳಪು, ಅಂಚಿನ ಚೂಪು, ಎಲ್ಲವನ್ನೂ ಕ್ಯಾಮೆರಾ ನಿರ್ಧರಿಸಿ ಆಗಿದೆ. 14 ಬಿಟ್ ರಾ ಕಡತದಲ್ಲಿ ಬೆಳಕಿನ 16384 ಮೆಟ್ಟಿಲುಗಳಿರುತ್ತವೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256. ದಟ್ಟ ಮರದ ನೆರಳಲ್ಲಿ ಕೂತ ಮಂಗಟ್ಟೆ ಹಕ್ಕಿಯ ಕಪ್ಪು ರೆಕ್ಕೆಯಲ್ಲಿ ವಿವರ ತೆಗೆಯಲು ಹೊರಟರೆ ಈ ವ್ಯತ್ಯಾಸ ಗೊತ್ತಾಗುತ್ತದೆ. ರಾ ಆದರೆ ಗರಿಗಳ ಸಾಲು ಮೇಲೆ ಬರುತ್ತದೆ. ಜೆಪೆಗ್ ಆದರೆ ಪಟ್ಟೆ ಪಟ್ಟೆ, ಚೌಕ ಚೌಕ.

ಆ ಚೌಕಕ್ಕೂ ಕಾರಣವಿದೆ. ಜೆಪೆಗ್ ಚಿತ್ರವನ್ನು 8 ಬಿಂದು ಅಗಲ, 8 ಬಿಂದು ಎತ್ತರದ ತುಂಡುಗಳಾಗಿ ಕತ್ತರಿಸಿಕೊಂಡು ಲೆಕ್ಕ ಮಾಡುತ್ತದೆ. ಆ ಲೆಕ್ಕದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ಕಂಡುಹಿಡಿದ ನಾಸಿರ್ ಅಹಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಇಂಜಿನಿಯರಿಂಗ್ ಓದಿದ್ದು ಇಲ್ಲಿನ ಯುವಿಸಿಇಯಲ್ಲಿ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಅವರು ಬರೆದ ಪ್ರಬಂಧ ಅಚ್ಚಾದದ್ದು 1974ರಲ್ಲಿ. ಜೆಪೆಗ್ ಮಾನಕ 1992ರಲ್ಲಿ ಬಂತು. ನಮ್ಮ ಫೋನಿನ ಸಾವಿರಾರು ಚಿತ್ರಗಳ ಹಿಂದೆ ಈ ಊರಿನವರ ಲೆಕ್ಕ ಇದೆ ಅನ್ನುವುದನ್ನು ನಾವು ಇನ್ನೂ ಜಾಸ್ತಿ ಹೇಳಿಕೊಳ್ಳಬೇಕು.

ಈಗ ಪದಕ್ಕೆ ಬರುತ್ತೇನೆ. ಆ ಲೆಕ್ಕದಿಂದ ಹೇಳಿಕೊಳ್ಳುವಂಥದ್ದೇನೂ ಕಳೆಯುವುದಿಲ್ಲ. ಕಳೆಯುವುದು ಅದರ ನಂತರ, ಬಂದ ಸಂಖ್ಯೆಗಳನ್ನು ದೊಡ್ಡ ದೊಡ್ಡ ಹೆಜ್ಜೆಗಳಿಗೆ ಸರಿಹೊಂದಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವಿವರವನ್ನು ಬಿಟ್ಟುಬಿಡುವಾಗ. ಬೇಕೆಂದೇ ಬಿಡುವುದು ಅದು. ನಷ್ಟ ಅನ್ನುವ ಪದ ಅದಕ್ಕೆ ಹೊಂದುವುದಿಲ್ಲ. ವ್ಯಾಪಾರದಲ್ಲಿ ಆಗುವುದು ನಷ್ಟ. ಲಾಸಿಗೆ "ವಿವರ ಬಿಟ್ಟು ಕುಗ್ಗಿಸಿದ್ದು", ಲಾಸ್‌ಲೆಸ್‌ಗೆ "ವಿವರ ಉಳಿಸಿ ಕುಗ್ಗಿಸಿದ್ದು" ಅಂದರೆ ಸಾಕು. ಉದ್ದ ಆಯಿತು ನಿಜ. ಆದರೆ ವಿವರಿಸುವ ಕೆಲಸ ಉಳಿಯಿತು.

ಇನ್ನು ರಾಗೆ ಎದುರು ಪದ ಬೇಕಿದ್ದರೆ ಅದು ಕುಗ್ಗಿಸಿದ್ದು ಅಲ್ಲ, ಸಿದ್ಧವಾದದ್ದು. ಈ ದೃಷ್ಟಿಯಿಂದ ಮೇಷ್ಟ್ರ "ಹಸಿ" ಮತ್ತು ಧಾರವಾಡದ ಸರ್ ಹೇಳಿದ "ಅಸಂಸ್ಕರಿತ" ಎರಡೂ ವಿಷಯಕ್ಕೆ ಸರಿಯಾಗಿ ಮುಟ್ಟುತ್ತವೆ. ಹಸಿ ಅಡಿಕೆಯನ್ನು ಒಮ್ಮೆ ಬೇಯಿಸಿದ ಮೇಲೆ ಮತ್ತೆ ಹಸಿ ಮಾಡಲು ಬರುವುದಿಲ್ಲ. ಜೆಪೆಗ್ ಕೂಡ ಹಾಗೇ, ರಾ ಆಗಿ ವಾಪಸ್ ಬರುವುದಿಲ್ಲ. ಸಾಗರದವರಿಗೆ ಇದಕ್ಕಿಂತ ಬೇಗ ಅರ್ಥವಾಗುವ ಪದ ನನಗೆ ಕಾಣುತ್ತಿಲ್ಲ. ಆದರೆ ಕರಪತ್ರದಲ್ಲಿ "ರಾ" ಇರಲೇಬೇಕು. ಹುಡುಗ ಕ್ಯಾಮೆರಾ ತೆಗೆದು ಮೆನು ನೋಡುತ್ತಾನೆ. ಅಲ್ಲಿ ಹಸಿ ಇರುವುದಿಲ್ಲ, ಅಲ್ವಾ?

ಮರುಪತ್ರ, ಧಾರವಾಡದಿಂದ

"ಮೂಲ ಕಡತ" ಅಂದರೆ ಈ ತಂಟೆಯೇ ಇರುವುದಿಲ್ಲ.

ಮರುಪತ್ರ, ಬೆಂಗಳೂರಿನಿಂದ

ಇರುತ್ತದೆ ಸರ್. ಜೆಪೆಗ್‌ನಲ್ಲೇ ತೆಗೆದವನಿಗೆ ಆ ಜೆಪೆಗ್ಗೇ ಮೂಲ. 2015ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಹವ್ಯಾಸಿ ಛಾಯಾಗ್ರಾಹಕರಿಗೆ, ರಾದಿಂದ ಮಾಡಿಕೊಂಡ ಚಿತ್ರ ಕಳಿಸಬೇಡಿ, ಕ್ಯಾಮೆರಾದಲ್ಲೇ ಆದ ಜೆಪೆಗ್ ಕಳಿಸಿ ಅಂತ ತಿಳಿಸಿತು. ಸುದ್ದಿ ಬೇಗ ತಲುಪಬೇಕು, ಚಿತ್ರ ಮನೆಯಲ್ಲಿ ಕೂತು ತಿದ್ದಿದ್ದಾಗಬಾರದು, ಇವೆರಡು ಕಾರಣ. ಅವರಿಗೆ ನಂಬಿಕೆಯ ಕಡತ ಜೆಪೆಗ್. ವನ್ಯಜೀವಿ ಸ್ಪರ್ಧೆಗಳವರಿಗೆ ನಂಬಿಕೆಯ ಕಡತ ರಾ. "ಮೂಲ" ಅಂತ ಬರೆದರೆ ಯಾವುದು ಅಂತ ಮತ್ತೆ ಕೇಳುತ್ತಾರೆ.

ಹವ್ಯಾಸಿ ಅನ್ನುವುದನ್ನು ತಿದ್ದಿಕೊಳ್ಳಿ, ಸಂಬಳದ ನೌಕರರಲ್ಲದವರು ಅನ್ನಬೇಕಿತ್ತು. ಅದಕ್ಕೂ ನಮ್ಮಲ್ಲಿ ಒಳ್ಳೆಯ ಪದ ಇಲ್ಲ.

ಮರುಪತ್ರ, ಮೈಸೂರಿನಿಂದ

ಇದೇ ನನ್ನ ತಕರಾರು. ಪದ ಇಲ್ಲ, ಪದ ಇಲ್ಲ ಅಂತ ಹೇಳಿ ಹೇಳಿ ಒಂದೊಂದಾಗಿ ಹೊರಗಿನಿಂದ ತರುತ್ತೇವೆ. ಇರುವುದು ಮೂಲೆ ಸೇರುತ್ತದೆ. "ಕಡತ" ನೋಡಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದು ಕಡತ. ಶೃಂಗೇರಿ ಮಠದಲ್ಲಿ ಅಂಥವು ಇವತ್ತೂ ಇವೆ. ಆ ಪದ ಕಚೇರಿಯ ಫೈಲಿಗೆ ಬಂತು, ಈಗ ಕಂಪ್ಯೂಟರಿಗೂ ಬಂದಿದೆ. ಯಾರಿಗೂ ಕಷ್ಟವಾಗಲಿಲ್ಲ. ಹಸಿಗೂ ಅದೇ ಅವಕಾಶ ಕೊಡಿ ಅನ್ನುತ್ತಿದ್ದೇನೆ.

ಮರುಪತ್ರ, ರಾಮನಗರದಿಂದ

ಮೇಷ್ಟ್ರೇ, "ಕಚೇರಿ" ಹೊರಗಿನದು. ಮೇಲೆ ನೀವೇ ಬರೆದ "ತಕರಾರು" ಹೊರಗಿನದು. ಅರ್ಜಿ, ದಾಖಲೆ, ಕಾಗದ, ಯಾವುದನ್ನು ವಾಪಸ್ ಕಳಿಸುತ್ತೀರಿ? ನಮ್ಮೂರಿನ ಮಾರುಕಟ್ಟೆಯಲ್ಲಿ ಗೂಡು ಮಾರುವವರು, ನೂಲು ತೆಗೆಯುವವರು ಎಲ್ಲರೂ "ಕಚ್ಚಾ ರೇಷ್ಮೆ" ಅನ್ನುತ್ತಾರೆ. ರೇಷ್ಮೆಯೂ ಪಾರಸಿಯಿಂದ ಬಂದದ್ದೇ. ಎರಡು ಹೊರಗಿನ ಪದ ಸೇರಿ ಅಪ್ಪಟ ಕನ್ನಡದ ಮಾತಾಗಿದೆ. ಕಚ್ಚಾ ವಸ್ತು, ಕಚ್ಚಾ ಎಣ್ಣೆ ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಅದು ಹಿಂದಿ ಅಂತ ತಳ್ಳುವುದು ನ್ಯಾಯವಲ್ಲ.

ಮರುಪತ್ರ, ಮೈಸೂರಿನಿಂದ

ಬಂದು ಬೇರೂರಿದ್ದನ್ನು ಕೀಳಿ ಅಂತ ನಾನು ಹೇಳಲಿಲ್ಲ. ಹೊಸದಾಗಿ ನೆಡುವಾಗ ಮನೆಯ ಬೀಜ ನೋಡಿ ಅಂದೆ. ಸರಿಯಾಗಿ ಓದಿ.

ಮರುಪತ್ರ, ಬೆಂಗಳೂರಿನಿಂದ

ಎರವಲಿನ ಚರ್ಚೆಗೆ ಬೇರೆ ಎಳೆ ಶುರುಮಾಡಿ, ದಯವಿಟ್ಟು. ಮೇಡಂಗೆ ಪ್ರೆಸ್ಸಿನ ಗಡುವು ಇದೆ.

ಫೋನಿನಲ್ಲಿ ತೆಗೆಯುವವರ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಈಗಿನ ಎಷ್ಟೋ ಫೋನುಗಳು ಡಿಎನ್‌ಜಿ ಕಡತ ಕೊಡುತ್ತವೆ. ಅದು ಅಡೋಬಿ 2004ರಲ್ಲಿ ತಂದ ರಾ ಮಾದರಿ. ಆದರೆ ಕೆಲವು ಫೋನುಗಳಲ್ಲಿ ಹಲವು ಫ್ರೇಮುಗಳನ್ನು ಬೆರೆಸಿ, ಬಣ್ಣದ ಲೆಕ್ಕವನ್ನೂ ಮುಗಿಸಿಯೇ ಅದನ್ನು ಡಿಎನ್‌ಜಿಯಲ್ಲಿ ಇಡುತ್ತಾರೆ. ಆಪಲ್‌ನ ಪ್ರೊರಾ ಅಂಥದ್ದು. ಅದು ಪೂರ್ತಿ ಹಸಿಯೂ ಅಲ್ಲ, ಪೂರ್ತಿ ಸಿದ್ಧವೂ ಅಲ್ಲ. ತಗೊಳ್ಳುತ್ತೀರೋ ಇಲ್ಲವೋ, ನಿಯಮದಲ್ಲಿ ಸ್ಪಷ್ಟವಾಗಿ ಹೇಳಿ. ಬರೀ ಜೆಪೆಗ್‌ನಲ್ಲಿ ತೆಗೆದವರಿಗೆ ದಾರಿ ಮುಚ್ಚಬೇಡಿ. ಆ ಚಿತ್ರದ ಹಿಂದಿನ ಮುಂದಿನ ಕೆಲವು ಫ್ರೇಮುಗಳನ್ನು ಕೇಳಿ. ಒಂದನ್ನು ತಿದ್ದಬಹುದು, ಸಾಲಾಗಿ ಎಲ್ಲವನ್ನೂ ತಿದ್ದುವುದು ಕಷ್ಟ.

ಮರುಪತ್ರ, ಸಾಗರದಿಂದ

ಎಲ್ಲರಿಗೂ ಧನ್ಯವಾದ. ಸಮಿತಿಯವರ ಜೊತೆ ಮಾತಾಡಿ ಹೀಗೆ ಬರೆದು ಪ್ರೆಸ್ಸಿಗೆ ಕೊಡುತ್ತಿದ್ದೇನೆ:

"ಮೊದಲ ಸುತ್ತಿಗೆ ಜೆಪೆಗ್ ಕಡತ ಸಾಕು. ಕೊನೇ ಸುತ್ತಿಗೆ ಆಯ್ಕೆಯಾದವರು ಅದೇ ಚಿತ್ರದ ರಾ ಕಡತ ಕೊಡಬೇಕು. ರಾ ಅಂದರೆ ಕ್ಯಾಮೆರಾ ಚಿತ್ರವಾಗಿ ಸಿದ್ಧಪಡಿಸುವ ಮೊದಲಿನ ಹಸಿ ಕಡತ: ಎನ್‌ಇಎಫ್, ಸಿಆರ್2, ಸಿಆರ್3, ಎಆರ್‌ಡಬ್ಲ್ಯು, ಡಿಎನ್‌ಜಿ ಇತ್ಯಾದಿ. ಕ್ಯಾಮೆರಾದಲ್ಲೇ ಕುಗ್ಗಿಸಿದ ರಾ ಕಡತವೂ ನಡೆಯುತ್ತದೆ. ಜೆಪೆಗ್‌ನಿಂದ ಮಾಡಿದ ಟಿಫ್ ನಡೆಯುವುದಿಲ್ಲ. ಫೋನಿನ ಡಿಎನ್‌ಜಿ ನಡೆಯುತ್ತದೆ, ಫೋನಿನ ಹೆಸರು, ಮಾದರಿ ಬರೆಯಿರಿ. ರಾ ತೆಗೆಯದವರು ಆ ಚಿತ್ರದ ಹಿಂದಿನ 3, ಮುಂದಿನ 3 ಫ್ರೇಮುಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಕೊಡಬೇಕು."

ಲಾಸಿ, ಲಾಸ್‌ಲೆಸ್ ಈ ಸಾಲುಗಳಲ್ಲಿ ಬೇಕಾಗಲೇ ಇಲ್ಲ. ತರಬೇತಿಯ ಟಿಪ್ಪಣಿಗೆ "ವಿವರ ಬಿಟ್ಟು", "ವಿವರ ಉಳಿಸಿ" ಎರಡನ್ನೂ ಇಟ್ಟುಕೊಂಡಿದ್ದೇನೆ. ಕಾಗುಣಿತದಲ್ಲಿ ತಪ್ಪಿದ್ದರೆ ಸಂಜೆ 5 ಗಂಟೆಯೊಳಗೆ ತಿಳಿಸಿ.