ವಕೀಲಿಕೆಯ ಜೊತೆಗೆ ಪತ್ರಿಕೆಯ ಕೆಲಸ ಮಾಡಬಹುದೇ?

ಪ್ರಶ್ನೆ – ಕಿರಿಯ ವಕೀಲೆ, ಮಡಿಕೇರಿ
ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾ, ಸಂಜೆಯ ವೇಳೆ ಪತ್ರಿಕೆಯೊಂದಕ್ಕೆ ನ್ಯಾಯಾಲಯದ ವರದಿಗಳನ್ನು ಬರೆದುಕೊಡುತ್ತಿದ್ದೇನೆ. ಪತ್ರಿಕೆಯವರು ಈಗ ತಿಂಗಳ ಸಂಬಳಕ್ಕೆ ಪೂರ್ಣಾವಧಿ ವರದಿಗಾರಳಾಗಿ ಬರುವಂತೆ ಕೇಳುತ್ತಿದ್ದಾರೆ. ವಕೀಲಿಕೆಯ ಸನ್ನದನ್ನೂ (ಪರವಾನಗಿ) ಉಳಿಸಿಕೊಂಡು ಇದನ್ನು ಒಪ್ಪಬಹುದೇ?

ಉತ್ತರ – ವಕೀಲರು, ವಿರಾಜಪೇಟೆ
ಒಪ್ಪಲಾಗದು. ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮದಂತೆ, ವೃತ್ತಿಯಲ್ಲಿರುವ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗಿರುವಂತಿಲ್ಲ. ಆದರೆ 51ನೆಯ ನಿಯಮವು, ಜಾಹೀರಾತು ಮತ್ತು ಪೂರ್ಣಾವಧಿ ನೌಕರಿಯ ನಿರ್ಬಂಧಗಳಿಗೆ ಒಳಪಟ್ಟು, ಪತ್ರಿಕೋದ್ಯಮದಲ್ಲಿ ತೊಡಗಲು ಅವಕಾಶ ಕೊಡುತ್ತದೆ. ಪ್ರಕಟಣೆಗೆ ಮುನ್ನ ಪತ್ರಿಕೆಯ ಬರಹಗಳನ್ನು ಕಾನೂನಿನ ದೃಷ್ಟಿಯಿಂದ ಪರಿಶೀಲಿಸಿಕೊಡುವುದನ್ನೂ ಅದು ಒಪ್ಪುತ್ತದೆ. ನಿಮ್ಮ ಸಂಜೆಯ ಬರವಣಿಗೆಯನ್ನು ಹೀಗೆಯೇ ಮುಂದುವರಿಸಿ. ನಿಮ್ಮ ಹಿರಿಯರು ನಡೆಸುವ ಪ್ರಕರಣಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, ಏಕೆಂದರೆ ಕಕ್ಷಿದಾರರು ನಂಬಿ ಹೇಳಿದ ಮಾತು ಯಾವುದು, ತೆರೆದ ನ್ಯಾಯಾಲಯದಲ್ಲಿ ಕೇಳಿದ್ದು ಯಾವುದು ಎಂಬ ಗೆರೆ ಬರೆಯುವವರಿಗೇ ಅಳಿಸಿಹೋಗುತ್ತದೆ.

ಉತ್ತರ – ನಿವೃತ್ತ ಉಪಸಂಪಾದಕ, ಸೋಮವಾರಪೇಟೆ
ಮೇಡಂ, ಪತ್ರಿಕೆಗೆ ನಿಮ್ಮಂಥವರು ನಿಜಕ್ಕೂ ಬೇಕು. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣವೊಂದರ ವರದಿ ನನ್ನ ಮೇಜಿಗೆ ಬಂದಾಗ ಮಗುವಿನ ಹೆಸರು ಅದರಲ್ಲಿರಲಿಲ್ಲ, ಆದರೆ ಕಾಫಿ ತೋಟದ ಹೆಸರು ಮತ್ತು ‘ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಕೊನೆಯ ಕೋಣೆ’ ಎಂಬ ವಿವರ ಇತ್ತು. ನಮ್ಮ ಜಿಲ್ಲೆಯಲ್ಲಿ ಗುರುತು ಹಿಡಿಯಲು ಅಷ್ಟು ಸಾಕು. ಆ ಕಾಯ್ದೆಯ 23ನೆಯ ಕಲಮು ಹೆಸರಷ್ಟೇ ಅಲ್ಲದೆ ವಿಳಾಸ, ಕುಟುಂಬ, ಶಾಲೆ, ನೆರೆಹೊರೆಯ ವಿವರಗಳನ್ನೂ ನಿಷೇಧಿಸುತ್ತದೆ. ಎರಡೂ ಸಾಲುಗಳನ್ನು ಹೊಡೆದುಹಾಕಿದೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು ಸರ್. ಸಂಬಳದ ಹುದ್ದೆ ಬೇಡವೆಂದು ನಾಳೆಯೇ ತಿಳಿಸುತ್ತೇನೆ.