ಪಿಟ್ ದೊಡ್ಡದಾಗುವ ಮೊದಲು

ತಮ್ಮಾ, ನಿನ್ನ ಮೆಸೇಜನ್ನು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಿ ಮುಗಿಸುವ ವಿಷಯವಲ್ಲ, ಅದಕ್ಕೇ ಮಾತನಾಡಿ ಕಳುಹಿಸುತ್ತಿದ್ದೇನೆ. ಉದ್ದವಾಗುತ್ತದೆ. ಗ್ರೂಪಿನಲ್ಲಿ ಬೇಡವಾದವರು ಮುಂದೆ ಓಡಿಸಿಕೊಳ್ಳಿ, ನನಗೆ ಬೇಸರವಿಲ್ಲ.

ನೀನು ಕೇಳಿದ್ದು ಇಷ್ಟು. ಶನಿವಾರ 11 ಗಂಟೆಗೆ ಡಾಲಸ್ಸಿನ ನಿನ್ನ ಬಾರ್ಬೆಕ್ಯೂ ಟ್ರೇಲರ್ ಮುಂದೆ ಸಾಲು ನಿಲ್ಲುತ್ತದೆ, 1 ಗಂಟೆಗೆಲ್ಲ ಬ್ರಿಸ್ಕೆಟ್ ಖಾಲಿ. ಹಾಗಾಗಿ ಈಗಿರುವ 500 ಗ್ಯಾಲನ್ನಿನ ಸ್ಮೋಕರನ್ನು ಮಾರಿ 1000 ಗ್ಯಾಲನ್ನಿನದನ್ನು ಮಾಡಿಸಲೇ ಎಂದು. ಅದರ ಕೆಳಗೇ ಚಿಕ್ಕಮ್ಮ ಮದ್ದೂರಿನಿಂದ "ಮಾಂಸ ಬೇಯಿಸುವುದಕ್ಕೆ ನೀರಿನ ಟ್ಯಾಂಕರ್ ಯಾಕೆ?" ಎಂದು ಬರೆದಿದ್ದಾರೆ. ಮೊದಲು ಅವರಿಗೆ ಹೇಳಿಬಿಡುತ್ತೇನೆ.

ಚಿಕ್ಕಮ್ಮ, ತಾತನ ಆಲೆಮನೆಯನ್ನು ನೆನಪಿಸಿಕೊಳ್ಳಿ. ಉರಿ ಒಂದು ತುದಿಯಲ್ಲಿ, ಹೊಗೆ ಹೋಗುವ ಚಿಮಣಿ ಇನ್ನೊಂದು ತುದಿಯಲ್ಲಿ, ನಡುವೆ ಕೊಪ್ಪರಿಗೆ. ಇದೂ ಹೆಚ್ಚುಕಡಿಮೆ ಹಾಗೆಯೇ. ಗ್ಯಾಸ್ ತುಂಬಿಡುವ ಹಳೆಯ ಟ್ಯಾಂಕನ್ನು ಮಲಗಿಸಿ, ಒಂದು ತುದಿಗೆ ಬೆಂಕಿಗೂಡು, ಇನ್ನೊಂದಕ್ಕೆ ಚಿಮಣಿ ಬೆಸೆಯುತ್ತಾರೆ. ಬೆಂಕಿ ಮಾಂಸವನ್ನು ಮುಟ್ಟುವುದೇ ಇಲ್ಲ. ಬಿಸಿಗಾಳಿ ಮತ್ತು ಹೊಗೆ ಅದರ ಮೇಲೆ ಹಾದು ಹೋಗುತ್ತವೆ, ಅಷ್ಟೇ. ಟೆಕ್ಸಾಸಿನವರು ಇದನ್ನು ಪಿಟ್ ಎನ್ನುತ್ತಾರೆ. 500 ಗ್ಯಾಲನ್ ಎಂದರೆ ಸುಮಾರು 1,900 ಲೀಟರ್, 10 ಅಡಿ ಉದ್ದ; 1000 ಎಂದರೆ ಸುಮಾರು 16 ಅಡಿ. ಇನ್ನು ಬ್ರಿಸ್ಕೆಟ್ ಎಂದರೆ ದನದ ಎದೆಯ ಭಾಗ. ಅಜ್ಜಿ ಪಕ್ಕದಲ್ಲಿದ್ದರೆ ಕೋಳಿ ಎಂದು ಹೇಳಿಬಿಡಿ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ವಾರಕ್ಕೆ 12 ಬ್ರಿಸ್ಕೆಟ್ ಇಡುತ್ತೀಯ, ಒಂದೊಂದು 14 ಪೌಂಡ್. ಮೇಲಿನ ಕೊಬ್ಬು ಕೆತ್ತಿ, ಬೆಂದು ನೀರಿಳಿದ ಮೇಲೆ ಅರ್ಧ ಉಳಿದರೆ ಪುಣ್ಯ. 7 ಪೌಂಡಿನಂತೆ 84 ಪೌಂಡ್. ತಲೆಗೆ ಅರ್ಧ ಪೌಂಡ್ ಎಂದರೆ 168 ಜನರ ಊಟ. ಸರಿ, ಮಾಂಸವಿಲ್ಲ ಎಂದು ಹಿಂದಿರುಗಿ ಹೋಗುವವರು ಎಷ್ಟು ಮಂದಿ? ಎಣಿಸಿದ್ದೀಯಾ? 30 ಜನ ಎಂದಿಟ್ಟುಕೋ. ಅವರಿಗೆ ಬೇಕಾದದ್ದು 15 ಪೌಂಡ್, ಅಂದರೆ ಎರಡು ಬ್ರಿಸ್ಕೆಟ್ ಚಿಲ್ಲರೆ. ಅದಕ್ಕಾಗಿ 16 ಅಡಿಯ ಕಬ್ಬಿಣವೇ?

ನಾವು ಮಾಡಿದ ತಪ್ಪು ಇದೇ. ವಾರಕ್ಕೆ 14 ಬ್ರಿಸ್ಕೆಟ್ ಮಾರುತ್ತಿದ್ದಾಗಲೇ ನಿಮ್ಮ ಭಾವ ದೊಡ್ಡದನ್ನು ಮಾಡಿಸಿದರು. ಅರ್ಧ ಪಿಟ್ ಖಾಲಿ, ಸೌದೆ ಮಾತ್ರ ಪೂರ್ತಿ. ಮಾಂಸ ಎಷ್ಟೇ ಇರಲಿ, ಅಷ್ಟೂ ಕಬ್ಬಿಣ ಕಾಯಲೇಬೇಕು. ಒಂದು ಕಾರ್ಡ್ ಪೋಸ್ಟ್ ಓಕ್ ಮರದ ಸೌದೆ (4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ) ಮೊದಲು ಎರಡು ವಾರ ಬರುತ್ತಿತ್ತು. ಆಮೇಲೆ ಒಂದೇ ವಾರಕ್ಕೆ ಮುಗಿಯಿತು. ಉಳಿಸೋಣ ಎಂದು ಉರಿ ಸಣ್ಣದು ಮಾಡಿದರೆ ಅದು ಇನ್ನೂ ಕೆಟ್ಟದ್ದು. ದೊಡ್ಡ ಗೂಡಿನಲ್ಲಿ ಸಣ್ಣ ಬೆಂಕಿ ಗಾಳಿಯನ್ನು ಎಳೆಯುವುದಿಲ್ಲ, ಸೌದೆ ಉರಿಯುವ ಬದಲು ಕುಮುಲುತ್ತದೆ, ತೆಳು ನೀಲಿ ಹೊಗೆಯ ಜಾಗದಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ. ಆ ಶನಿವಾರ ಮಾಂಸವೆಲ್ಲ ಕಹಿ. ಬಾಯಿಗೆ ಹಾಕಿಕೊಂಡವರ ಮುಖ ನನಗೆ ಇನ್ನೂ ನೆನಪಿದೆ. ತಾತ ಅರ್ಧ ಕೊಪ್ಪರಿಗೆ ಕಬ್ಬಿನ ಹಾಲಿಗೆ ಯಾವತ್ತಾದರೂ ಒಲೆ ಹೊತ್ತಿಸಿದ್ದರೇ?

ನಿನ್ನ ಪಿಟ್ ಶನಿವಾರ ಬೆಳಿಗ್ಗೆ ಬಿಸಿಯಾಗಿರುತ್ತದೆ. ಶುಕ್ರವಾರ ಹಗಲು ಏನು ಮಾಡುತ್ತಿರುತ್ತದೆ? ಸುಮ್ಮನೆ ನಿಂತಿರುತ್ತದೆ. ನಿನಗೆ ಮೊದಲು ಬೇಕಾದದ್ದು ವಾರ್ಮರ್. ಬೆಂದ ಮಾಂಸವನ್ನು ಬಿಸಿಯಾಗಿಯೇ ಕಾದಿಡುವ ಕರೆಂಟಿನ ಬೀರು. ಶುಕ್ರವಾರ ಬೆಳಿಗ್ಗೆ 5ಕ್ಕೆ 12 ಇಡು, ಸಂಜೆ 6ರ ಹೊತ್ತಿಗೆ ತೆಗೆ, ಕಾಗದ ಸುತ್ತಿ ವಾರ್ಮರಿಗೆ ಸೇರಿಸು. 7ಕ್ಕೆ ಇನ್ನೊಂದು 12 ಇಡು. ಅದೇ ಪಿಟ್, ಅದೇ ಜಾಗ, ಶನಿವಾರಕ್ಕೆ 24. ವಾರ್ಮರನ್ನು 145ರಿಂದ 150 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಡು. ಮಾಂಸ 135ಕ್ಕಿಂತ, ಅಂದರೆ 57 ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಇನ್‌ಸ್ಪೆಕ್ಟರ್ ಬಿಡುವುದಿಲ್ಲ, ಬಿಡಲೂ ಬಾರದು. ಇನ್ನೊಂದು ಲಾಭವಿದೆ: ರಾತ್ರಿಯಿಡೀ ಬೆಚ್ಚಗೆ ಕುಳಿತ ಬ್ರಿಸ್ಕೆಟ್ ಪಿಟ್ಟಿನಿಂದ ನೇರ ಬಂದದ್ದಕ್ಕಿಂತ ಮೃದುವಾಗಿರುತ್ತದೆ. ಮೊದಲ ಸಲ ಕತ್ತರಿಸಿದಾಗ ಇಷ್ಟು ದಿನ ಆತುರದಲ್ಲಿ ಏನು ಬಡಿಸುತ್ತಿದ್ದೆವು ಎಂದು ನನಗೇ ನಾಚಿಕೆಯಾಯಿತು.

ಶುಕ್ರವಾರ ಆಫೀಸ್ ಇದೆ ಎನ್ನುತ್ತೀಯ, ಗೊತ್ತು. ಮನೆಯಿಂದ ಕೆಲಸ ತಾನೇ? 40 ನಿಮಿಷಕ್ಕೊಮ್ಮೆ ಎದ್ದು ಒಂದು ಸೀಳು ಸೌದೆ ಹಾಕಿ ಬರುವುದಕ್ಕೆ ಮೀಟಿಂಗಿನಲ್ಲಿ ಮೈಕ್ ಆಫ್ ಮಾಡಿದರೆ ಸಾಕು. ಆದರೆ ರಾತ್ರಿ ಪಾಳಿಗೆ ಬೇರೆ ಯಾರಾದರೂ ಬೇಕೇ ಬೇಕು. ಎರಡು ಪಾಳಿಯನ್ನೂ ಒಬ್ಬನೇ ಮಾಡುವ ಸಾಹಸ ಬೇಡ. ಮಾಂಸ 160 ಡಿಗ್ರಿಯ ಹತ್ತಿರ ಬೆವರಲು ಶುರುವಾಗಿ ಗಂಟೆಗಟ್ಟಲೆ ಮೇಲೇರದೆ ನಿಲ್ಲುತ್ತದಲ್ಲ, ಅದು ಬರುವುದೇ ನಿದ್ದೆಗಣ್ಣಿನ ಹೊತ್ತಿಗೆ. ಆಗ ಗಾಬರಿಯಾಗಿ ಎರಡು ಸೀಳು ಹೆಚ್ಚಿಗೆ ಹಾಕಿದವರೇ ಎಲ್ಲವನ್ನೂ ಸುಟ್ಟುಕೊಳ್ಳುವುದು.

1 ಗಂಟೆಗೆ ಖಾಲಿ ಎಂಬ ಬೋರ್ಡು ಹಾಕುವುದಕ್ಕೆ ಸಂಕಟಪಡಬೇಡ. ಆಸ್ಟಿನ್ನಿನ ಫ್ರಾಂಕ್ಲಿನ್ ಬಾರ್ಬೆಕ್ಯೂ 2009ರಲ್ಲಿ ನಿನ್ನ ಹಾಗೆಯೇ ಟ್ರೇಲರಿನಲ್ಲಿ ಶುರುವಾದದ್ದು, ಕಟ್ಟಡಕ್ಕೆ ಹೋದದ್ದು 2011ರಲ್ಲಿ. ಮಾಂಸ ಮುಗಿದರೆ ಅಲ್ಲಿಯೂ ಅಂದಿನ ವ್ಯಾಪಾರ ಮುಗಿಯಿತು.

ದೊಡ್ಡದು ಬೇಡವೇ ಬೇಡ ಎನ್ನುತ್ತಿಲ್ಲ. 24 ಮಾಡಿಯೂ ಮೂರು ತಿಂಗಳು ಬಿಡದೆ ಸಾಲು ಉಳಿದರೆ ಮಾಡಿಸು, ಖುಷಿಯಿಂದ ಮಾಡಿಸು. ಆಗಲೂ 500 ಗ್ಯಾಲನ್ನಿನದನ್ನು ಮಾರಬೇಡ. ಪಕ್ಕೆಲುಬು, ಕೋಳಿ, ಸಾಸೇಜಿಗೆ ಅದೇ ಸರಿ. ಬೆಂಕಿಗೂಡಿಗೆ ಎರಡು ಪದರ ಹಾಕಿಸಿ ನಡುವೆ ಶಾಖ ತಡೆಯುವ ವಸ್ತು ತುಂಬಿಸು, ಹಣ ಸೌದೆಯಲ್ಲಿ ವಾಪಸ್ ಬರುತ್ತದೆ. ಹಳೆಯ ಟ್ಯಾಂಕ್ ಆದರೆ ಗ್ಯಾಸ್ ಪೂರ್ತಿ ತೆಗೆದ ಮೇಲೆಯೇ ಕೊಯ್ಯಬೇಕು, ಪ್ರಾಣದ ವಿಷಯ ಕಣೋ. ನಮಗೆ ಮಾಡಿಕೊಟ್ಟ ಬೆಸುಗೆಯವರು 6 ತಿಂಗಳು ಎಂದು ಅಡ್ವಾನ್ಸ್ ತೆಗೆದುಕೊಂಡು 11ನೇ ತಿಂಗಳಲ್ಲಿ ಕೊಟ್ಟರು. ಮೊದಲ ಬೆಂಕಿಗೇ ಬಾಗಿಲು ಸೊಟ್ಟಗಾಗಿ ಅಂಚಿನಿಂದೆಲ್ಲ ಹೊಗೆ. ಹಾಗಾಗಿ ಕೊನೆಯ ಕಂತನ್ನು ಬೆಂಕಿ ಹಾಕಿ ನೋಡಿದ ಮೇಲೆಯೇ ಕೊಡು.

ಹೊಸ ಪಿಟ್ ಬಂದ ದಿನ ಮಾಂಸ ಇಡಬೇಡ, ಬ್ರೆಡ್ ಇಡು. ನಾವು ಜಾಲರಿಯ ತುಂಬ ಬ್ರೆಡ್ ಚೂರುಗಳನ್ನು ಸಾಲಾಗಿ ಜೋಡಿಸಿ ಬಾಗಿಲು ಮುಚ್ಚಿದೆವು. ತೆರೆದಾಗ ಬೆಂಕಿಗೂಡಿನ ಪಕ್ಕದ ಎರಡು ಸಾಲು ಕರಿ ಇದ್ದಿಲು, ನಡುವೆ ಚಿನ್ನದ ಬಣ್ಣ, ಚಿಮಣಿಯ ಕೆಳಗೆ ಮತ್ತೆ ಕಂದು, ಬಾಗಿಲ ಬದಿಯ ಒಂದು ಮೂಲೆಯಲ್ಲಿ ಆರು ಚೂರು ಅಂಗಡಿಯಿಂದ ತಂದ ಹಾಗೆಯೇ ಬೆಳ್ಳಗೆ. ಭಾವ ಅದರ ಫೋಟೊ ತೆಗೆದು ಟ್ರೇಲರಿನ ಗೋಡೆಗೆ ಅಂಟಿಸಿದ್ದಾರೆ. ಇದ್ದಿಲಾದ ಜಾಗ ಈಗ ಕೋಳಿಗೆ ಮೀಸಲು. ಆ ಬೆಳ್ಳನೆಯ ಮೂಲೆಯಲ್ಲಿ ಇವತ್ತಿಗೂ ನಾವು ಏನನ್ನೂ ಇಡುವುದಿಲ್ಲ.

ಕೊನೆಗೆ ಒಂದು. ನಮ್ಮ ಹಳೆಯ ವಾರ್ಮರ್ ಗ್ಯಾರೇಜಿನಲ್ಲಿ ಬಿದ್ದಿದೆ. ಬಾಗಿಲಿನ ರಬ್ಬರ್ ಹೋಗಿದೆ, ಉಳಿದದ್ದೆಲ್ಲ ಸರಿಯಿದೆ. ಮುಂದಿನ ಭಾನುವಾರ ಪಿಕಪ್ ತೆಗೆದುಕೊಂಡು ಸ್ಯಾನ್ ಆಂಟೋನಿಯೊಗೆ ಬಂದು ಹೊತ್ತುಕೊಂಡು ಹೋಗು. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಬರುವಾಗ ಡಾಲಸ್ಸಿನ ನಿಮ್ಮ ಅಂಗಡಿಯಿಂದ ರಾಗಿ ಹಿಟ್ಟು ತಾ, ಇಲ್ಲಿ ಮುಗಿದಿದೆ.