ತ್ಸೊ ಮೊರಿರಿಗೆ ಜೂನ್‌ನಲ್ಲಿ ಹೋಗುವುದೋ, ಜುಲೈ ಕೊನೆಯಲ್ಲೋ?

ಪ್ರಶ್ನೆ: ಏರಿಮೇಲಿನವ

ಪ್ರತಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ಕುಳಿತು, ಹೊಲಗಳಲ್ಲಿ ಮೇದು ಬಂದು ನೀರಿನಲ್ಲಿ ವಿಶ್ರಮಿಸುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುತ್ತ ಬಂದವನು ನಾನು. ಮಾರ್ಚ್ ಮುಗಿಯುವ ಹೊತ್ತಿಗೆ ಕೆರೆ ಬರಿದಾಗುತ್ತದೆ. ಅವು ಮರಿ ಮಾಡುವ ಜಾಗವನ್ನು ಒಮ್ಮೆಯಾದರೂ ಕಾಣಬೇಕೆಂಬ ಆಸೆಯಿಂದ ಲಡಾಖಿನ ತ್ಸೊ ಮೊರಿರಿ ಸರೋವರಕ್ಕೆ ಹೊರಡಲು ನಿಶ್ಚಯಿಸಿದ್ದೇನೆ. ಪ್ರವಾಸ ಏರ್ಪಡಿಸುವವರೊಬ್ಬರು ಲೇಹ್‌ನಿಂದ ಬೆಳಗ್ಗೆ ಹೊರಟು ಸರೋವರ ತೋರಿಸಿ ಮರುದಿನವೇ ಹಿಂತಿರುಗಿಸುವುದಾಗಿ ಹೇಳುತ್ತಾರೆ. ಅಷ್ಟು ಸಾಕೇ? ಹಕ್ಕಿಗಳಿಗಾಗಿ ಹೋಗುವವನಿಗೆ ಯಾವ ತಿಂಗಳು ತಕ್ಕದ್ದು? ಆ ಸರೋವರದ ಹೆಸರಿನ ಹಿಂದೆ ಒಂದು ಕಥೆಯಿದೆಯೆಂದು ಕೇಳಿದ್ದೇನೆ. ತಿಳಿದವರು ಅದನ್ನೂ ಹೇಳಿದರೆ ಉಪಕಾರ.

ಉತ್ತರ: ಜಕ್ಕವಕ್ಕಿ

ಮರುದಿನವೇ ಹಿಂತಿರುಗುವ ಪ್ರವಾಸವನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಲೇಹ್‌ನಿಂದ ಉಪ್ಶಿ, ಚುಮಾಥಾಂಗ್, ಮಾಹೆ ಸೇತುವೆಯ ಮಾರ್ಗವಾಗಿ ಸರೋವರದ ದಡದ ಕೊರ್ಜೋಕ್ ಹಳ್ಳಿಗೆ 200 ಕಿ.ಮೀ.ಗೂ ಹೆಚ್ಚು ದಾರಿ. ತಲುಪುವಷ್ಟರಲ್ಲಿ ಇಳಿಹೊತ್ತಾಗಿ, ಸರೋವರದ ಮೇಲೆ ಗಾಳಿ ಎದ್ದಿರುತ್ತದೆ. ಆ ಗಾಳಿಯಲ್ಲಿ ದುರ್ಬೀನು ಹಿಡಿದ ಕೈ ನಿಲ್ಲುವುದಿಲ್ಲ. ಇನ್ನು ಎತ್ತರದ ಮಾತು. ಸರೋವರ ಸಮುದ್ರಮಟ್ಟದಿಂದ 4,500 ಮೀಟರಿಗೂ ಮೇಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ದಂಡೆಯಲ್ಲಿ ಸಿಗುವುದರ ಶೇಕಡಾ 60ಕ್ಕಿಂತ ಕಡಿಮೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಮೂರು ರಾತ್ರಿಯಾದರೂ ಕಳೆದು ಮೈ ಒಗ್ಗಿಸಿಕೊಂಡ ಮೇಲೆಯೇ ಮುಂದೆ ಹೊರಡಿ, ಕೊರ್ಜೋಕ್‌ನಲ್ಲಿ ಕನಿಷ್ಠ ಎರಡು ರಾತ್ರಿ ತಂಗಿ. ಹೋಟೆಲು ಹುಡುಕುವ ಬದಲು ಹಳ್ಳಿಯವರ ಮನೆಯಲ್ಲೇ ಉಳಿದರೆ ಚಳಿಯೂ ತಡೆಯುತ್ತದೆ, ಮಾತಿಗೂ ಜನ ಸಿಗುತ್ತಾರೆ.

ತಿಂಗಳಿನ ವಿಷಯದಲ್ಲಿ ನನ್ನ ಅಭಿಪ್ರಾಯ ಜುಲೈ ಕಡೆಗಿದೆ. ಜೂನ್‌ನಲ್ಲಿ ಹೆಬ್ಬಾತುಗಳು ಮೊಟ್ಟೆಯ ಮೇಲೆ ಕುಳಿತಿರುತ್ತವೆ. ಆಗ ಹತ್ತಿರ ಹೋಗುವವನು ನೋಡುವುದಕ್ಕಿಂತ ಕೆಡಿಸುವುದೇ ಹೆಚ್ಚು. ನಾನೇ ಕೆಡಿಸಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. ಮೊದಲ ಸಲ ಹೋದಾಗ ದಡದಿಂದ ಒಂದಷ್ಟು ಹೆಜ್ಜೆ ಜೌಗಿನೊಳಕ್ಕೆ ಇಳಿದೆ. ಒಂದು ಹೆಬ್ಬಾತು ಕತ್ತನ್ನು ಕೋಲಿನಂತೆ ನೆಟ್ಟಗೆ ಎತ್ತಿತು, ಅದರ ಹಿಂದೆಯೇ ಇನ್ನೊಂದು. ಮೂರನೆಯದು ಸದ್ದಿಲ್ಲದೆ ಗೂಡಿನಿಂದ ನೀರಿಗೆ ಜಾರಿತು. ನಾನು ಹಿಂದೆ ಸರಿದರೂ ಅದು ಗೂಡಿಗೆ ಮರಳಲು ಬಹಳ ಹೊತ್ತು ಹಿಡಿಯಿತು, ಅಷ್ಟೂ ಹೊತ್ತು ಒಂದು ಕಾಡುಕಾಗೆ ಗೂಡಿನ ಮೇಲೆಯೇ ಸುತ್ತುತ್ತಿತ್ತು. ಕತ್ತು ನೆಟ್ಟಗಾಯಿತೆಂದರೆ ನೀವು ಆಗಲೇ ಅತಿಯಾಗಿ ಹತ್ತಿರ ಬಂದಿದ್ದೀರಿ ಎಂದು ತಿಳಿಯಿರಿ. ಜುಲೈ ಹೊತ್ತಿಗೆ ಮರಿಗಳು ತಾಯ್ತಂದೆಯರ ನಡುವೆ ಸಾಲಾಗಿ ನೀರಿನಲ್ಲಿ ತೇಲುತ್ತಿರುತ್ತವೆ, ದೂರದಿಂದಲೇ ಚೆನ್ನಾಗಿ ಕಾಣುತ್ತವೆ.

ಕೊರ್ಜೋಕ್ ಹೊಳೆ ಸರೋವರವನ್ನು ಸೇರುವ ಹಸಿರು ಜೌಗನ್ನು ಬೆಳಗಿನ ಹೊತ್ತು ನೋಡಿ. ಕಪ್ಪು ಕೊರಳಿನ ಕ್ರೌಂಚ ಕಾಣುವ ಸಾಧ್ಯತೆ ಅಲ್ಲಿದೆ. 2021ರಿಂದ ಅದು ಲಡಾಖಿನ ಅಧಿಕೃತ ಪಕ್ಷಿ. ಒಂದು ಜೋಡಿ ಸಾಮಾನ್ಯವಾಗಿ ಎರಡೇ ಮೊಟ್ಟೆಯಿಡುತ್ತದೆ, ಆ ಎರಡಕ್ಕೂ ದೊಡ್ಡ ಕಂಟಕ ತೋಳವೂ ಅಲ್ಲ, ನರಿಯೂ ಅಲ್ಲ, ಬೀಡಾಡಿ ನಾಯಿಗಳು. ಪ್ರವಾಸಿಗರೂ ಶಿಬಿರಗಳೂ ಚೆಲ್ಲುವ ಅನ್ನ, ಬಿಸ್ಕತ್ತು ತಿಂದು ಅವು ಹೆಚ್ಚಿವೆ. ನೀವು ಒಂದು ಬಿಸ್ಕತ್ತನ್ನು ದಾರಿಬದಿಯ ಮಾರ್ಮಟ್‌ಗೆ (ಬಿಲದಲ್ಲಿ ವಾಸಿಸುವ, ದಪ್ಪ ಅಳಿಲಿನಂಥ ಪ್ರಾಣಿ) ಎಸೆಯುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ನನ್ನ ಹೆಸರಿನ ಹಕ್ಕಿಯೂ ಅಲ್ಲಿ ಸಿಗುತ್ತದೆ. ಇರುಳಾದರೆ ಜೋಡಿಯಿಂದ ಅಗಲಿ ಕೂಗುತ್ತದೆಂದು ನಮ್ಮ ಕವಿಗಳು ಹೇಳುತ್ತ ಬಂದ ಜಕ್ಕವಕ್ಕಿ ಆ ದಡದಲ್ಲಿ ಹಗಲಿರುಳೂ ಜೋಡಿಯಾಗಿಯೇ ಇತ್ತು. ಕವಿಗಳು ಅದರ ಚಳಿಗಾಲವನ್ನು ಮಾತ್ರ ನೋಡಿದ್ದರೇನೋ!

ಉತ್ತರ: ಮೊಸರುಗಡಿಗೆ

ಕಥೆಯ ವಿಷಯ ನಾನು ಹೇಳುತ್ತೇನೆ. ಕೊರ್ಜೋಕ್‌ನಲ್ಲಿ ನಾನು ಉಳಿದ ಮನೆಯ ಅಜ್ಜಿ ಹೇಳಿದ ಪ್ರಕಾರ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದ್ದಾಗ ತ್ಸೊಮೊ ಎಂಬ ಹೆಣ್ಣು ಯಾಕ್ ಏರಿ ಮಂಜುಗಡ್ಡೆಯ ಮೇಲೆ ದಾಟುತ್ತಿದ್ದಳು. ನಡುವೆ ಮಂಜುಗಡ್ಡೆ ಬಿರಿಯಿತು. ಅವಳು ಯಾಕನ್ನು ನಿಲ್ಲಿಸಲು ‘ರಿ, ರಿ’ ಎಂದು ಕೂಗಿದಳು. ಯಾಕ್ ನಿಲ್ಲಲಿಲ್ಲ, ಇಬ್ಬರೂ ಮುಳುಗಿದರು. ಅವಳ ಹೆಸರೂ ಆ ಕೂಗೂ ಕೂಡಿ ಸರೋವರದ ಹೆಸರಾಯಿತಂತೆ. ಅವಳನ್ನು ಸನ್ಯಾಸಿನಿ ಎನ್ನುವವರೂ ಇದ್ದಾರೆ. ಅಜ್ಜಿ ‘ರಿ, ರಿ’ ಎನ್ನುವಾಗ ಕೈಯಲ್ಲಿ ಹಗ್ಗ ಹಿಂದಕ್ಕೆಳೆಯುವ ಹಾಗೆ ಮಾಡಿ ತೋರಿಸಿದರು. ಹೊರಗೆ ಕಟ್ಟಿದ್ದ ಯಾಕ್ ಅದನ್ನು ಕೇಳಿಯೂ ಕೇಳದಂತೆ ಮೆಲುಕು ಹಾಕುತ್ತಿತ್ತು.

ಇದನ್ನು ಬರಿಯ ಕಥೆಯೆಂದು ಬದಿಗಿಡಬೇಡಿ. ಮೇಕೆ, ಕುರಿ, ಯಾಕ್‌ಗಳನ್ನು ಅಟ್ಟಿಕೊಂಡು ಅಲೆಯುವ ಚಾಂಗ್ಪಾ ಜನರಿಗೆ ಹೆಪ್ಪುಗಟ್ಟಿದ ನೀರು ಎಲ್ಲಿ ನಂಬಿಗಸ್ತ, ಎಲ್ಲಿ ಅಲ್ಲ ಎಂಬುದು ಬದುಕಿನ ಪ್ರಶ್ನೆ. ಆ ಸರೋವರ ಅವರಿಗೆ ಪೂಜ್ಯವೂ ಹೌದು. 2000ರಲ್ಲಿ ಕೊರ್ಜೋಕ್‌ನವರು ಅದನ್ನು ಭೂಮಿಗೆ ತಾವು ಸಲ್ಲಿಸುವ ಪವಿತ್ರ ಕಾಣಿಕೆಯೆಂದು ಘೋಷಿಸಿದರು, 2002ರಲ್ಲಿ ಅದು ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎಂದು ಪಟ್ಟಿ ಸೇರಿತು. ಕ್ರಮ ಗಮನಿಸಿ, ಊರವರ ಮಾತು ಮೊದಲು ಬಂದಿತ್ತು. ಜುಲೈ ಅಥವಾ ಆಗಸ್ಟ್‌ನಲ್ಲಿ, ಟಿಬೆಟನ್ ಪಂಚಾಂಗದ ಪ್ರಕಾರ, ಅಲ್ಲಿನ ಬೌದ್ಧವಿಹಾರದಲ್ಲಿ ಗುಸ್ತೋರ್ ಹಬ್ಬದ ಮುಖವಾಡದ ಕುಣಿತ ಎರಡು ದಿನ ನಡೆಯುತ್ತದೆ; ನಿಮ್ಮ ದಿನಗಳು ಅದಕ್ಕೆ ಹೊಂದಿದರೆ ಒಳ್ಳೆಯದು, ಆದರೆ ಆಗ ಮನೆಗಳಲ್ಲಿ ಜಾಗ ಸಿಗುವುದು ಕಷ್ಟ.

ಉತ್ತರ: ಕೊರಳಪಟ್ಟಿ

ಒಂದು ತಿದ್ದುಪಡಿ. ಮಾಗಡಿ ಕೆರೆಯ ಹೆಬ್ಬಾತುಗಳೇ ತ್ಸೊ ಮೊರಿರಿಯಲ್ಲಿ ಮರಿ ಮಾಡುತ್ತವೆಂದು ಭಾವಿಸಬೇಡಿ. ಜಾತಿ ಒಂದೇ, ಊರು ಬೇರೆ ಇರಬಹುದು. ಕರ್ನಾಟಕದ ಕೆರೆಗಳಲ್ಲಿ ಮಂಗೋಲಿಯಾದಲ್ಲಿ ಗುರುತಿಗಾಗಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕಂಡಿವೆ. ಅಂದರೆ ನಿಮ್ಮ ಕೆರೆಯ ಕೆಲವು ಅತಿಥಿಗಳಾದರೂ ಹಿಮಾಲಯವನ್ನೂ ಟಿಬೆಟನ್ನೂ ದಾಟಿ ಇನ್ನೂ ಉತ್ತರಕ್ಕೆ ಹೋಗುವವರು. ಈ ಜಾತಿಯ ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹ ಸಾಧನದಿಂದ ಅಳೆದಿದ್ದಾರೆ. ಹಾಗಿದ್ದರೂ ಭಾರತದೊಳಗೆ ಅದರ ಮರಿಗಳನ್ನು ನೋಡಬೇಕೆಂದರೆ ಲಡಾಖಿನ ಈ ಎತ್ತರದ ಸರೋವರಗಳಿಗೇ ಹೋಗಬೇಕು, ಆದ್ದರಿಂದ ನಿಮ್ಮ ಪ್ರಯಾಣ ವ್ಯರ್ಥವಲ್ಲ. ಮಾಗಡಿಯೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಈಗ ಎರಡೂ ಒಂದೇ ಪಟ್ಟಿಯಲ್ಲಿವೆ.

ಪರವಾನಗಿ ಮತ್ತು ಪರಿಸರ ಶುಲ್ಕದ ನಿಯಮಗಳು ಆಗಾಗ ಬದಲಾಗುವುದರಿಂದ ಲೇಹ್‌ನಲ್ಲಿಯೇ ವಿಚಾರಿಸಿ, ಗುರುತಿನ ಚೀಟಿಯ ಪ್ರತಿಗಳನ್ನು ಜೊತೆಗಿಟ್ಟುಕೊಳ್ಳಿ. ಇಂಧನವನ್ನೂ ಲೇಹ್‌ನಲ್ಲಿಯೇ ತುಂಬಿಸಿ.

ಮರುನುಡಿ: ಏರಿಮೇಲಿನವ

ಎಲ್ಲರಿಗೂ ಕೃತಜ್ಞತೆಗಳು. ಪ್ರವಾಸ ಏರ್ಪಡಿಸುವವರಿಗೆ ಬೇಡವೆಂದು ಹೇಳಿಬಿಟ್ಟೆ. ಜುಲೈ ಕೊನೆಯ ವಾರ, ಲೇಹ್‌ನಲ್ಲಿ ಮೂರು ರಾತ್ರಿ, ಕೊರ್ಜೋಕ್‌ನಲ್ಲಿ ಮೂರು. ಮಂಗೋಲಿಯಾದ ವಿಷಯ ಓದಿ ಮೊದಲು ಸ್ವಲ್ಪ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಒಂದು ಕಡೆಯ ಪ್ರಶ್ನೆ: ಜೌಗಿಗೆ ಇಳಿಯದೆ ಎಲ್ಲಿ ನಿಂತು ನೋಡಬೇಕು?

ಉತ್ತರ: ಜಕ್ಕವಕ್ಕಿ

ವಿಹಾರದ ಕೆಳಗಿನ ಇಳಿಜಾರಿನಲ್ಲಿ, ಕಲ್ಲುಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಬೆಳಗ್ಗೆ ಐದೂವರೆಗೆ ಅಲ್ಲಿರಿ. ಕೈಗವಸು ಮರೆಯಬೇಡಿ, ದುರ್ಬೀನಿನ ಲೋಹ ಬೆರಳನ್ನು ಕಚ್ಚುತ್ತದೆ. ಬಿಸಿಲು ಎದುರು ದಡದ ಬೆಟ್ಟಗಳನ್ನು ದಾಟಿ ಬರುವ ಮೊದಲೇ ಹೆಬ್ಬಾತುಗಳ ದನಿ ಕೇಳಿಸುತ್ತದೆ. ಮಾಗಡಿಯಲ್ಲಿ ಕೇಳಿದ ದನಿಯೇ, ಗುರುತು ಹಿಡಿಯಲು ನಿಮಗೆ ಯಾರ ಸಹಾಯವೂ ಬೇಕಾಗುವುದಿಲ್ಲ.